ತಮ್ಮ ಒಳಗೆ ಮಲಗಿದ್ದಾನೆ

ನೋಯ್ಡಾ
9 ಜುಲೈ 2024

ಗೋಪಿ,

ನಾನು ಕ್ಷೇಮ, ನೀನು ಕ್ಷೇಮ ಎಂದು ಬರೆದು ಜಾಗ ಹಾಳು ಮಾಡುವುದಿಲ್ಲ. ಫೋನಿನಲ್ಲಿ ಒಂದು ಹೇಳಿದರೆ ನಿನಗೆ ಇನ್ನೊಂದು ಕೇಳಿಸುತ್ತದೆ. ಜೀವಮಾನವೆಲ್ಲ ಮೈಕ್‌ಸೆಟ್ ಅಂಗಡಿ ನಡೆಸಿ ಹಾರನ್ನಿನ ಪಕ್ಕ ಕೂತವನ ಕಿವಿ ಇನ್ನೇನಾಗುತ್ತದೆ? ಅದಕ್ಕೇ ಕಾಗದ.

ಮಗಳು ಲಾವಣ್ಯಾ ಬೆಳಿಗ್ಗೆ ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಇಂಚರಾಳ ಸ್ಕೂಲು ಶುರುವಾಯಿತು. ಮಧ್ಯಾಹ್ನ ವ್ಯಾನಿನವನು ತಂದು ಬಿಡುತ್ತಾನೆ. ಆಮೇಲೆ ಸಾಯಂಕಾಲದವರೆಗೆ ಮನೆಯಲ್ಲಿ ನಾನೂ ಮೊಮ್ಮಗಳೂ ಇಬ್ಬರೇ.

ಹೋದ ವಾರ ಗ್ಯಾಸ್ ಮೀಟರ್ ನೋಡಬೇಕು ಎಂದು ಒಬ್ಬ ಬಂದ. ಇಲ್ಲಿ ಗ್ಯಾಸು ಪೈಪಿನಲ್ಲಿ ಬರುತ್ತದೆ, ಮೀಟರು ಅಡುಗೆಮನೆಯಲ್ಲಿರುತ್ತದೆ. ಒಳಗೆ ಬಿಟ್ಟೆ. ಅವನು ಮೀಟರು ನೋಡಿದ್ದಕ್ಕಿಂತ ಮನೆ ನೋಡಿದ್ದೇ ಹೆಚ್ಚು. ಎರಡು ದಿನ ಬಿಟ್ಟು ಮತ್ತೆ ಬಂದ. ಮರದ ಬಾಗಿಲು ತೆಗೆದೆ, ಹೊರಗಿನ ಕಬ್ಬಿಣದ ಜಾಲಿ ಬಾಗಿಲು ತೆಗೆಯಲಿಲ್ಲ. "ಅಮ್ಮಾಜೀ, ಘರ್ ಮೇಂ ಔರ್ ಕೌನ್ ಹೈ?" ಎಂದ. ಮನೆಯಲ್ಲಿ ಯಾರಿದ್ದರೆ ನಿನಗೇನೋ ಎಂದು ಕನ್ನಡದಲ್ಲೇ ಬೈದೆ. ನಕ್ಕ. ಹಲ್ಲೆಲ್ಲ ಗುಟ್ಕಾ. ಆಗ ನನ್ನ ಬಾಯಿಗೆ ಬಂದವನು ನೀನು. "ಮೇರಾ ಭಾಯಿ ಹೈ, ಅಂದರ್ ಸೋ ರಹಾ ಹೈ" ಎಂದುಬಿಟ್ಟೆ. ತಮ್ಮ ಒಳಗೆ ಮಲಗಿದ್ದಾನೆ ಅಂತ. "ಅಚ್ಛಾ?" ಎಂದು ನನ್ನ ಹೆಗಲ ಮೇಲಿಂದ ಇಣುಕಿ ನೋಡಿ ಹೋದ. ಹೀಗೆ ನೀನು ತಿಪಟೂರಿನಲ್ಲಿದ್ದೂ ನೋಯ್ಡಾದಲ್ಲಿ ಮಲಗಿದ್ದೀಯ. ಸೋಮಾರಿ, ಎಲ್ಲಿದ್ದರೂ ನಿನ್ನ ಕೆಲಸ ಅದೇ.

ಹೆದರಿದ್ದೇನೆ ಎಂದುಕೊಳ್ಳಬೇಡ. ಕೋಪ, ಅಷ್ಟೆ. ಲಾವಣ್ಯಾಗೆ ಹೇಳಿಲ್ಲ, ನೀನೂ ಹೇಳಕೂಡದು. ಅವಳನ್ನು ಬಿಟ್ಟು ಗುರುಗ್ರಾಮದಲ್ಲಿರುವ ಆ ಗಂಡ ರಘುನಂದನ್, ಮಗು ತನಗೆ ಬೇಕು ಎಂದು ಕೋರ್ಟಿಗೆ ಹೋಗಿರುವುದು ನಿನಗೆ ಗೊತ್ತಲ್ಲ. "ಓದು ಬಾರದ ಮುದುಕಿಯ ಕೈಯಲ್ಲಿ ಮಗುವನ್ನು ಬಿಟ್ಟು ಹೋಗುತ್ತಾಳೆ" ಎಂದು ಅವನ ವಕೀಲ ಬರೆದಿದ್ದಾನೆ. ನಾಲ್ಕನೇ ಕ್ಲಾಸ್ ಪಾಸಾದವಳು ನಾನು, ಓದು ಬಾರದವಳಂತೆ! ಬಾಗಿಲಿಗೆ ಕಂಡಕಂಡವರು ಬರುತ್ತಾರೆ ಎಂದು ಗೊತ್ತಾದರೆ ಮುಗಿಯಿತು, ಮಗು ನಮ್ಮ ಕೈತಪ್ಪುತ್ತದೆ.

ಈಗ ಕೇಳು. ನನಗೆ ಹಾಡು ಕಳಿಸು. ಕ್ಯಾಸೆಟ್ಟಿನಲ್ಲೇ, ನನ್ನ ಟೇಪ್ ರೆಕಾರ್ಡರ್ ಇನ್ನೂ ಸತ್ತಿಲ್ಲ. ಗಂಡಸರ ದನಿ ಇರಬೇಕು. ದಪ್ಪ ದನಿ. ಕೊಳಲು ಬೇಡ, ವೀಣೆ ಬೇಡ, ಹೆಂಗಸರ ಹಾಡು ಬೇಡ. ಬೇಗ. ಯಾಕೆ ಏನು ಎಂದು ವಿಚಾರಣೆ ಬೇಡ.

ರತ್ನಕ್ಕ


ತಿಪಟೂರು
18 ಜುಲೈ 2024

ರತ್ನಕ್ಕನಿಗೆ ಗೋಪಿನಾಥನ ನಮಸ್ಕಾರ.

"ನನಗೆ ಹಾಡು ಕಳಿಸು." ಅಕ್ಕಾ, ಆ ಸಾಲನ್ನು ನಾನು ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿದೆ. ನನ್ನ ಮದುವೆಯಲ್ಲಿ ನಾನೇ ಹಾಕಿಸಿದ್ದ ನಾಟಕದ ಹಾಡು ಕೇಳಲಾರದೆ ಎಲೆಯ ಮುಂದಿನಿಂದ ಎದ್ದು ಬಂದು ವೈರು ಕಿತ್ತವಳು ನೀನು. "ಮಾತಿರೋ ಹಾಡು ಹಾಡಲ್ಲ ಕಣೋ, ಜಗಳ" ಎಂದು ನೆಂಟರ ಮುಂದೆ ಅಂದವಳು. ನಾನು ಕಳಿಸಿದ ಕ್ಯಾಸೆಟ್ಟುಗಳನ್ನೆಲ್ಲ ಪ್ಲಾಸ್ಟಿಕ್ ಕವರು ಬಿಚ್ಚದೆ ವಾಪಸ್ ಕೊಟ್ಟವಳು. ಅಂಥವಳು ಈಗ ದಪ್ಪ ದನಿ ಬೇಕು ಅನ್ನುತ್ತೀಯ! ವಯಸ್ಸಾದ ಮೇಲಾದರೂ ರುಚಿ ಬಂತಲ್ಲ. ಯಾಕೆ ಎಂದು ಕೇಳುವುದಿಲ್ಲ. ರುಚಿಗೆ ಕಾರಣ ಇರುವುದಿಲ್ಲ.

ಇವು ನಮ್ಮ ಇಂದುಶೇಖರ ಗಣಪತಿ ಹಬ್ಬದ ಪೆಂಡಾಲಿನಲ್ಲಿ ಹಾಡಿದ ನಾಟಕದ ಹಾಡುಗಳು. ನಾನೇ ರೆಕಾರ್ಡ್ ಮಾಡಿದ್ದು. ಕೇಳುವುದಕ್ಕೊಂದು ಕ್ರಮ ಇದೆ. ಮೊದಲ ಕಡೆಯನ್ನು ಬೆಳಿಗ್ಗೆ ಕಾಫಿ ಆದ ಮೇಲೆ ಹಾಕು. ಎರಡನೇ ಹಾಡಿನಲ್ಲಿ ಅವನು ಕೆಳಗಿನಿಂದ ದನಿ ಎಳೆದುಕೊಂಡು ಮೇಲೆ ಹತ್ತುವಾಗ ಕೈಕೆಲಸ ನಿಲ್ಲಿಸಬೇಕು. ಪಾತ್ರೆ ತೊಳೆಯುತ್ತಾ ಕೇಳಿದರೆ ನನ್ನಾಣೆ.

ನಿನಗಾಗಿ ಒಂದು ವಿಶೇಷ ಮಾಡಿಸಿದ್ದೇನೆ. ಮದುವೆ ವಿಡಿಯೋ ಮಾಡುವ ಹೃಷಿಕೇಶ್ ಇದ್ದಾನಲ್ಲ, ಅವನ ಕಂಪ್ಯೂಟರಿನಲ್ಲಿ ಪೂರ್ತಿ ಶುದ್ಧ ಮಾಡಿಸಿದೆ. ಪೆಂಡಾಲಿನ ಕೆಮ್ಮು, ಯಾರದೋ ಮಗುವಿನ ಅಳು, ನಾನು "ಲೇ, ವೈರ್ ತುಳೀಬೇಡವೋ" ಎಂದು ಕೂಗಿದ್ದು, ಎಲ್ಲ ತೆಗೆಸಿದ್ದೇನೆ. ಬರೀ ಸಂಗೀತ ಉಳಿದಿದೆ. ನಾನು ಹೆಡ್‌ಫೋನ್ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಕೇಳಿ ಪರೀಕ್ಷೆ ಮಾಡಿದ್ದೇನೆ. ಬಂಗಾರ.

ಆ ಗ್ಯಾಸಿನವನನ್ನು ಬೈದು ಕಳಿಸಿದ್ದು ಸರಿ. ನಿನ್ನ ಬಾಯಿಗೆ ಹೆದರಿ ಯಮನೂ ತಿರುಗಿ ಬರಲಾರ. ನಿಮ್ಮ ಮನೆಯಲ್ಲಿ ನನ್ನನ್ನು ಮಲಗಿಸಿದ್ದಕ್ಕೆ ಸಂತೋಷ. ಒಂದು ದಿಂಬು ಕೊಡು.

ಗೋಪಿನಾಥ


ನೋಯ್ಡಾ
27 ಜುಲೈ 2024

ಗೋಪಿ,

ಶುದ್ಧ ಮಾಡು ಎಂದು ನಿನಗೆ ಹೇಳಿದವರು ಯಾರು? ದೇವರ ಪಾತ್ರೆಯೇ ಅದು, ಹುಣಸೆಹಣ್ಣು ಹಾಕಿ ಉಜ್ಜುವುದಕ್ಕೆ?

ನಿನ್ನ ಇಂದುಶೇಖರ ಚೆನ್ನಾಗಿಯೇ ಹಾಡುತ್ತಾನೆ, ಇಲ್ಲ ಎನ್ನುವುದಿಲ್ಲ. ಆದರೆ ಅದು ರೇಡಿಯೋ ಹಾಗಿದೆ. ಹೊರಗೆ ನಿಂತವರಿಗೆ ಒಂದೇ ಗಳಿಗೆಯಲ್ಲಿ ಇದು ಹಾಡು ಹಾಕಿದ್ದಾರೆ ಎಂದು ಗೊತ್ತಾಗುತ್ತದೆ. ಮನೆಯಲ್ಲಿ ಗಂಡಸು ಇದ್ದ ಹಾಗೆ ಇಲ್ಲ. ಮನೆಯಲ್ಲಿರುವ ಗಂಡಸು ಸುಮ್ಮನೆ ಹಾಡುತ್ತಲೇ ಇರುತ್ತಾನೆಯೇ? ಕೆಮ್ಮುತ್ತಾನೆ, ಕ್ಯಾಕರಿಸುತ್ತಾನೆ, ಟವೆಲ್ ಎಲ್ಲಿ ಎಂದು ಅರಚುತ್ತಾನೆ. ನಿಮ್ಮ ಭಾವನನ್ನು ನೋಡಿರಲಿಲ್ಲವೇ ನೀನು.

ಇಂಚರಾ ಕೇಳಿದಳು: "ಅಜ್ಜಿ, ಯೇ ಅಂಕಲ್ ಕೌನ್ ಹೈ? ತುಂಬಾ ಜೋರು ಹಾಡ್ತಾರೆ." ನಿನ್ನ ಸಣ್ಣಜ್ಜನ ಸ್ನೇಹಿತರು ಎಂದೆ. "ಹಾಡು ಹಾಕಿ ನೀವು ಯಾಕೆ ಬಾಗಿಲ ಹತ್ರ ಕುರ್ಚಿ ಇಟ್ಕೊಂಡು ಕೂತ್ಕೊಳ್ತೀರ?" ಎಂದಳು. ಗಾಳಿ ಬರುತ್ತೆ ಎಂದೆ. ಮುಚ್ಚಿದ ಬಾಗಿಲಿನಿಂದ ಎಂಥ ಗಾಳಿ ಎಂದು ಆ ಮಗು ಕೇಳಲಿಲ್ಲ. ನನ್ನ ಮುಖ ನೋಡಿತು, ಅಷ್ಟೆ.

ಶುದ್ಧ ಮಾಡದೇ ಇರುವುದು ಬೇಕು. ಗಂಡಸರು ಮಾತಾಡಬೇಕು, ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗಬೇಕು. ನಡುವೆ ಹಾಡಿದರೆ ಹಾಡಲಿ. ಹೊರಗೆ ನಿಂತವರು ಯಾರು ಎಂದು ಕೇಳಿ ಕಾಗದ ಬರೆಯಬೇಡ. ಯಾರೂ ಇಲ್ಲ. ಮಾತಿಗೆ ಹೇಳಿದೆ.

ಸ್ಪೀಡ್ ಪೋಸ್ಟಿನಲ್ಲಿ ಕಳಿಸು.

ರತ್ನಕ್ಕ


ತಿಪಟೂರು
6 ಆಗಸ್ಟ್ 2024

ಅಕ್ಕನಿಗೆ ನಮಸ್ಕಾರ.

ನಿಜ ಹೇಳುತ್ತೇನೆ, ಮನಸ್ಸಿಗೆ ನೋವಾಯಿತು. ಒಳ್ಳೆಯ ಹಾಡು ಕೊಟ್ಟರೆ ಕೆಮ್ಮು ಎಲ್ಲಿ ಎಂದು ಕೇಳಿದವರನ್ನು ನಾನು ಇದೇ ಮೊದಲು ನೋಡಿದ್ದು. ಹೃಷಿಕೇಶ್‌ಗೆ ಹೇಳಿದೆ. ಅವನು ನಗಲಿಲ್ಲ, "ಒಂಟಿಯಾಗಿರ್ತಾರೇನೋ, ಜನರ ದನಿ ಬೇಕು ಅನ್ಸುತ್ತೆ" ಎಂದು ಚೀಟಿಯಲ್ಲಿ ಬರೆದು ತೋರಿಸಿದ. ಅದೂ ನಿಜವಿರಬಹುದು. ಆ ಊರಿನಲ್ಲಿ ನಿನಗೆ ಕನ್ನಡದ ಗದ್ದಲ ಎಲ್ಲಿ ಸಿಗಬೇಕು? ಕ್ಷಮಿಸು, ನನಗೆ ಮೊದಲೇ ಹೊಳೆಯಲಿಲ್ಲ.

ಅದಕ್ಕೇ ಇದು. ಮಹಂತೇಶ್ ಮನೆ ಜಗಲಿಯಲ್ಲಿ ನಡೆದ ತತ್ವಪದದ ಭಜನೆ. ಏನೂ ತೆಗೆದಿಲ್ಲ. ಎಲ್ಲರೂ ಕೆಮ್ಮುತ್ತಾರೆ, ದಮ್ಮಡಿಯವನ ಮೇಲೆ ತಂಬೂರಿಯವನು ರೇಗುತ್ತಾನೆ, ಒಂದು ಕಡೆ ಯಾರೋ "ಮಹಂತೇಶಾ, ಟೀ ಬಂತು ಕಣೋ" ಎಂದು ಕೂಗುತ್ತಾರೆ. ಆದರೂ ಒಂದು ಮಾತು ಕೇಳು. ಆ ಗದ್ದಲದ ನಡುವೆ ಮೂರನೇ ಪದ ಬರುತ್ತದಲ್ಲ, ಅದನ್ನು ಮಾತ್ರ ಕಣ್ಣು ಮುಚ್ಚಿ ಕೇಳು. ನನಗೋಸ್ಕರ.

ಕೊಡುವುದು ಮಾತ್ರ ನನ್ನ ಪಾಲಿಗಿರಬಾರದು. ನಿನ್ನ ಕೊಳಲಿನ ಕ್ಯಾಸೆಟ್ಟು ನನಗೂ ಕಳಿಸು. ಇಷ್ಟು ವರ್ಷ ಅದನ್ನು ಹೀಯಾಳಿಸಿದೆ, ಒಂದು ದಿನವೂ ಕೂತು ಕೇಳಲಿಲ್ಲ. ಈಗ ಕೇಳುತ್ತೇನೆ.

ಗೋಪಿನಾಥ


ನೋಯ್ಡಾ
17 ಆಗಸ್ಟ್ 2024

ಗೋಪಿ,

ಇದು ಸರಿ. ಸಂಗೀತ ಎಂದು ನಾನು ಒಪ್ಪುವುದಿಲ್ಲ, ಆದರೆ ಸರಿ. ಮೊದಲ ದಿನ ಹಾಕಿದಾಗ ಮನೆ ತುಂಬಿದ ಹಾಗಾಯಿತು. ಒಬ್ಬಳೇ ನಕ್ಕೆ. ಮೂರನೇ ಪದವನ್ನೂ ಕೇಳಿದೆ, ಕಣ್ಣು ಮುಚ್ಚಲಿಲ್ಲ. ಇಲ್ಲಿ ಮಧ್ಯಾಹ್ನದ ಹೊತ್ತು ನಾನು ಕಣ್ಣು ಮುಚ್ಚುವುದಿಲ್ಲ.

ಬೇರೆ ಇದ್ದರೆ ಕಳಿಸು. ಒಂದೇ ಕ್ಯಾಸೆಟ್ಟು ಎಷ್ಟು ದಿನ ನಡೆಯುತ್ತದೆ? "ಟೀ ಬಂತು ಕಣೋ" ಎನ್ನುವುದು ಪ್ರತಿ ಸಲ ಅದೇ ಜಾಗದಲ್ಲಿ ಬರುತ್ತದೆ. ಇಂಚರಾಗೆ ಬಾಯಿಪಾಠವಾಗಿದೆ. ಕೇಳುವವರಿಗೆಲ್ಲ ಬಾಯಿಪಾಠವಾಗುತ್ತದೆ. ಟೇಪ್ ರೆಕಾರ್ಡರ್ ಕೂಡ ಕೈಕೊಡುತ್ತಿದೆ. ಮೊನ್ನೆ ಅವಸರದಲ್ಲಿ ಯಾವ ಕ್ಯಾಸೆಟ್ಟು ಹಾಕಿದೆನೋ, ಎಷ್ಟು ಗುಂಡಿ ಒತ್ತಿದೆನೋ, ಅದು ಸುಮ್ಮನೆ ತಿರುಗಿತು. ದನಿಯೇ ಬರಲಿಲ್ಲ. ಬೇಕಾದಾಗ ಬರಲಿಲ್ಲ.

ವ್ಯಾನಿನವನಿಗೆ ಈಗ ಮಗುವನ್ನು ಗೇಟಿನಲ್ಲಿ ಇಳಿಸಬೇಡ, ನಾನು ಬಂದು ಕೈ ಹಿಡಿಯುವವರೆಗೆ ಒಳಗೇ ಕೂರಿಸಿಕೊ ಎಂದು ಹೇಳಿದ್ದೇನೆ. "ಟೈಮ್ ನಹೀಂ ಹೈ ಮಾತಾಜೀ" ಎಂದು ಗೊಣಗುತ್ತಾನೆ. ಗೊಣಗಲಿ. ಗೇಟಿನ ಗಾರ್ಡಿಗೂ ಗ್ಯಾಸಿನವನ ವಿಷಯ ಹೇಳಿದೆ. ನನ್ನ ಹಿಂದಿಗೆ ನಕ್ಕ.

ಕೊಳಲು ಕೇಳಿದೆಯಲ್ಲ, ಇದರ ಜೊತೆ ಇಟ್ಟಿದ್ದೇನೆ. ನೀನೇ ಇಟ್ಟುಕೊ. ನನಗೆ ಇನ್ನು ಬೇಡ. ಕೊಳಲು ಹಾಕಿದರೆ ಮೆಟ್ಟಿಲ ಮೇಲಿನ ಹೆಜ್ಜೆ ಸಪ್ಪಳ ಚೆನ್ನಾಗಿ ಕೇಳಿಸುತ್ತದೆ.

ರತ್ನಕ್ಕ


ತಿಪಟೂರು
26 ಆಗಸ್ಟ್ 2024

ಅಕ್ಕಾ,

ಕೊಳಲು ಕೇಳಿದೆ! ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು, ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಕೂತೆ. ಏನು ನಾದ, ಏನು ಉಸಿರು! ಮೊದಲು ನಿಧಾನವಾಗಿ ಶುರುವಾಗಿ ಆಮೇಲೆ ಆ ಕಡೆಯಿಂದ ಈ ಕಡೆಗೆ ಹಕ್ಕಿ ಹಾರಿದ ಹಾಗೆ ಹೋಗುತ್ತದಲ್ಲ, ಅಲ್ಲಿ ನನಗೆ ಕಣ್ಣೀರೇ ಬಂತು. ಇಷ್ಟು ವರ್ಷ ನೀನು ಹೇಳುತ್ತಿದ್ದದ್ದು ಈಗ ಅರ್ಥವಾಯಿತು. ಮಾತಿಲ್ಲದ ಹಾಡೇ ಹಾಡು. ಸೋತೆ ಅಂತಲೇ ಇಟ್ಟುಕೊ.

ಹೃಷಿಕೇಶ್‌ಗೆ ಕೊಡುತ್ತೇನೆ, ಒಂದು ಪ್ರತಿ ತೆಗೆದು ಮೂಲವನ್ನು ನಿನಗೆ ವಾಪಸ್ ಕಳಿಸುತ್ತಾನೆ. ಇಂಥದ್ದನ್ನು ಕೊಟ್ಟುಬಿಡಬಾರದು.

ಗೋಪಿನಾಥ


ತಿಪಟೂರು
29 ಆಗಸ್ಟ್ 2024

ಅಕ್ಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸರಿಯಾಗಿಲ್ಲದಿದ್ದರೆ ಕೂಡಿಸಿಕೊಂಡು ಓದು.

ಆ ಕ್ಯಾಸೆಟ್ಟಿನಲ್ಲಿ ಕೊಳಲಿಲ್ಲ.

ಹೃಷಿಕೇಶ್ ಪ್ರತಿ ತೆಗೆಯಲು ಕೂತವನು ಎದ್ದು ನನ್ನ ಅಂಗಡಿಗೆ ಓಡಿ ಬಂದ. ಏನೋ ಹೇಳಿದ, ನನಗೆ ತಿಳಿಯಲಿಲ್ಲ. ಕಾಗದದ ಮೇಲೆ ಬರೆದ. ನೀನು ಅವಸರದಲ್ಲಿ ಪ್ಲೇ ಗುಂಡಿಯ ಜೊತೆ ಕೆಂಪು ಗುಂಡಿಯನ್ನೂ ಒತ್ತಿದ್ದೀಯ. ಕೊಳಲು ಅಳಿಸಿ ಹೋಗಿ ನಿಮ್ಮ ಮನೆಯ ಬಾಗಿಲು ರೆಕಾರ್ಡ್ ಆಗಿದೆ. ಅವನು ಬರೆದುಕೊಟ್ಟದ್ದನ್ನು ಹಾಗೇ ಇಳಿಸುತ್ತೇನೆ.

ಕಬ್ಬಿಣದ ಮೇಲೆ ಬೆರಳಿನಿಂದ ಕುಟ್ಟುವ ಸದ್ದು. ಗಂಡಸಿನ ದನಿ, ಹಿಂದಿಯಲ್ಲಿ: ಏನು ಅಮ್ಮಾಜೀ, ಇವತ್ತು ಹಾಡಿಲ್ಲವೇ? ಮಹಂತೇಶ್‌ಜೀಗೆ ಟೀ ಬರಲಿಲ್ಲವೇ? ಆಮೇಲೆ ನಗು. ನಿಮ್ಮ ತಮ್ಮ ಬಹಳ ಮಲಗುತ್ತಾನೆ. ಮಗುವಿನ ವ್ಯಾನು ಬಂತಲ್ಲ, ನಾನು ನೋಡಿದೆ. ಆಮೇಲೆ ಏನೂ ಇಲ್ಲ. ಬಹಳ ಹೊತ್ತು ಒಬ್ಬ ಹೆಂಗಸಿನ ಉಸಿರು ಮಾತ್ರ. ಒಂದು ಸಲ ಮಗು "ಅಜ್ಜೀ" ಎನ್ನುತ್ತದೆ. ಬಾಯಿ ಮುಚ್ಚಿದ ಹಾಗೆ ಅಲ್ಲಿಗೇ ನಿಲ್ಲುತ್ತದೆ.

ಅದನ್ನು ಕಿವಿಗೆ ಇಟ್ಟುಕೊಂಡು ನಾನು ಏನು ಉಸಿರು, ಏನು ನಾದ ಎಂದು ಬರೆದೆ. ಅಕ್ಕಾ, ನನಗೆ ಕಿವಿ ಕೇಳಿಸುವುದಿಲ್ಲ. ಫೋನು ಮಾತ್ರ ಅಲ್ಲ, ಯಾವುದೂ. ಯುಗಾದಿಯಿಂದ ಈಚೆಗೆ ಪೂರ್ತಿ ಹೋಯಿತು. ನಿನಗೆ ಕಳಿಸಿದ ಹಾಡುಗಳನ್ನೆಲ್ಲ ನಾನು ನೆನಪಿನಿಂದ ಆರಿಸಿದ್ದು. ಮೈಕ್‌ಸೆಟ್ಟಿನವನಿಗೆ ಕಿವಿ ಹೋಯಿತು ಎಂದು ಊರಿಗೆ ಗೊತ್ತಾದರೆ ಯಾರು ಕರೆಯುತ್ತಾರೆ ಎಂಬ ಭಯಕ್ಕೆ ಮುಚ್ಚಿಟ್ಟೆ. ನಿನ್ನ ಹತ್ತಿರವೂ ಮುಚ್ಚಿಟ್ಟೆ.

ಹೃಷಿಕೇಶ್ ನನ್ನೆದುರಿಗೇ ನಿನಗೆ ಫೋನು ಮಾಡಿದ. "ಏನೂ ಇಲ್ಲ, ಟಿವಿ ಇರಬೇಕು" ಎಂದೆಯಂತೆ. ಲಾವಣ್ಯಾಗೆ ಹೇಳಿದರೆ ಮಗುವಿನ ಮೇಲಾಣೆ ಎಂದು ಕಟ್ ಮಾಡಿದೆಯಂತೆ. ಇಂಥ ಆಣೆ ಯಾಕೆ ಹಾಕಿದೆ? ಈಗ ನಾನು ಬಾಯಿ ತೆಗೆಯುವ ಹಾಗೂ ಇಲ್ಲ, ಸುಮ್ಮನಿರುವ ಹಾಗೂ ಇಲ್ಲ. ಅವನು ರಘುನಂದನ್ ಕಳಿಸಿದವನೇ? ಬಾಗಿಲು ಗಟ್ಟಿ ಇದೆಯೇ? ಅಕ್ಕಾ, ಏನಾದರೂ ಬರೆ.

ಗೋಪಿ


ನೋಯ್ಡಾ
5 ಸೆಪ್ಟೆಂಬರ್ 2024

ಗೋಪಿ,

ಹಕ್ಕಿ ಹಾರಿತಂತೆ. ಕಣ್ಣೀರು ಬಂತಂತೆ. ಕಿವುಡ! ನಿನ್ನ ಹೊಗಳಿಕೆ ಓದಿ ನಾನು ಇಡೀ ದಿನ ಹಿಗ್ಗಿದ್ದೆ. ನಾನು ಸತ್ತ ಮೇಲೂ ನನ್ನ ಸಂಗೀತ ಉಳಿಯುತ್ತದೆ, ತಮ್ಮನಿಗೆ ದಾಟಿಸಿದೆ ಎಂದುಕೊಂಡಿದ್ದೆ. ನೀನು ಎದುರಿಗಿದ್ದಿದ್ದರೆ ಆ ಹೆಡ್‌ಫೋನನ್ನೇ ನಿನ್ನ ತಲೆಗೆ ಬಡಿಯುತ್ತಿದ್ದೆ.

ನೀನು ಸುಳ್ಳು ಹೇಳಿದೆ, ನಾನೂ ಹೇಳಿದೆ. ಈಗ ನಿಜ ಬರೆಯುತ್ತೇನೆ.

ನನಗೆ ಹೆದರಿಕೆ, ಗೋಪಿ. ಅವನು ದಿನಾ ಬರುವುದಿಲ್ಲ. ದಿನಾ ಬಂದರೆ ಒಳ್ಳೆಯದಿತ್ತು. ಇವತ್ತು ಬರುತ್ತಾನೋ ಎಂದು ಕಾಯುವುದು ಕೆಟ್ಟದ್ದು. ಅನ್ನದ ಕುಕ್ಕರ್ ಕೂಗಿದರೆ ಬೆಚ್ಚಿ ಬೀಳುತ್ತೇನೆ. ನಲ್ಲಿ ನಿಲ್ಲಿಸಿ ಕೇಳುತ್ತೇನೆ. ನೆರಳು ಬಾಗಿಲಿನ ಕೆಳಗಿನ ಸಂದಿಯಲ್ಲಿ ನಿಲ್ಲುತ್ತದೆ, ಎರಡು ಚಪ್ಪಲಿಯ ನೆರಳು. ಬಾಯಿ ತೆಗೆದರೆ ಬೈಗುಳ ಬರುತ್ತಿದ್ದ ನನಗೆ ಈಗ ಒಂದು ಬೈಗುಳವೂ ಬರುವುದಿಲ್ಲ. ಇಷ್ಟು ವಯಸ್ಸಿಗೆ ನನ್ನ ಬಾಯಿ ನನ್ನನ್ನು ಬಿಟ್ಟು ಹೋದದ್ದು ಇದೇ ಮೊದಲು. ಅದೇ ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು.

ರಘುನಂದನ್ ಕಳಿಸಿದವನೋ, ಕಳ್ಳನೋ, ಬೇರೆ ಏನಕ್ಕೋ, ನನಗೆ ಗೊತ್ತಿಲ್ಲ. ಮುಂದಿನ ತಿಂಗಳು ಕೋರ್ಟಿನ ತಾರೀಖು ಇದೆ. ಅಲ್ಲಿಯವರೆಗೆ ಈ ಮನೆಯಲ್ಲಿ ಏನೂ ಆಗಿಲ್ಲ. ತಿಳಿಯಿತೇ? ಆಣೆ ಆಣೆಯೇ.

ಇಂಚರಾ ಈಗ ಬಾಗಿಲ ಸದ್ದಾದರೆ ತಾನೇ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ. ನಾನು ಹೇಳಿಕೊಟ್ಟಿಲ್ಲ.

ಬರಲಿಕ್ಕಾಗುತ್ತದೆಯೇ ನಿನಗೆ?

ರತ್ನಕ್ಕ


ತಿಪಟೂರು
12 ಸೆಪ್ಟೆಂಬರ್ 2024

ಅಕ್ಕಾ,

ಬರುತ್ತೇನೆ ಎಂದು ಬರೆದು ಹರಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೂ ಹೆದರಿಕೆ. ಮೊನ್ನೆ ಸಂತೆಗೆ ಹೋಗುವಾಗ ಹಿಂದಿನಿಂದ ಬಂದ ಲಾರಿ ಗೊತ್ತಾಗಲಿಲ್ಲ. ಯಾರೋ ರಟ್ಟೆ ಹಿಡಿದು ಎಳೆದರು. ಇಂಥವನು ರೈಲು ಹತ್ತಿ ಆ ಡೆಲ್ಲಿ ಸ್ಟೇಷನ್ನಿನಲ್ಲಿ ಯಾವ ಕಡೆಗೆ ಹೋಗಲಿ?

ನಾನು ಬರುವವರೆಗೆ ನನ್ನ ದನಿ ಇರಲಿ. ಈ ಕ್ಯಾಸೆಟ್ಟಿನಲ್ಲಿ ಹಾಡಿಲ್ಲ. ನಾನಿದ್ದೇನೆ. ಮೊದಲು ಕೆಮ್ಮುತ್ತೇನೆ. ಆಮೇಲೆ ಯಾರು ಬಂದದ್ದು ಎಂದು ಕೇಳುತ್ತೇನೆ. ಆಮೇಲೆ ಸುಮ್ಮನಿರುತ್ತೇನೆ. ಆ ಜಾಗ ನಿನ್ನದು, ಅಲ್ಲಿ ನೀನು ನನ್ನನ್ನು ಬೈಯಬೇಕು. ನೀನು ಮುಗಿಸಿದ ಮೇಲೆ ನಾನು ತಿರುಗಿ ಬೈಯುತ್ತೇನೆ. ಮತ್ತೆ ನಿನಗೆ ಜಾಗ. ಹೀಗೇ ಒಂದು ಕಡೆ ಪೂರ್ತಿ. ಭಜನೆಯಲ್ಲಿ ಮೋಸ ಗೊತ್ತಾದದ್ದು ಯಾಕೆ ಹೇಳು? ಅವರ ಮಾತಿಗೆ ನೀನು ಮಾತು ಕೊಡುತ್ತಿರಲಿಲ್ಲ. ಜಗಳಕ್ಕೆ ಇಬ್ಬರಿರಬೇಕು.

ಎಲ್ಲಿ ಎಷ್ಟು ಹೊತ್ತು ಬಿಡಬೇಕು ಎಂದು ಹೃಷಿಕೇಶ್ ಕೇಳಿದ. ನಮ್ಮಕ್ಕನ ಬೈಗುಳ ಎಷ್ಟು ಉದ್ದ ಅಂತ ನನಗೆ ಗೊತ್ತು, ಹುಟ್ಟಿದಾಗಿನಿಂದ ತಿಂದಿದ್ದೇನೆ ಎಂದೆ. ಮನಸ್ಸಿನಲ್ಲೇ ನೀನು ಬೈಯುವುದನ್ನು ಕೇಳಿಸಿಕೊಂಡು, ನೀನು ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಸರಿಯಾಗಿ ಬಾಯಿ ಹಾಕಿದ್ದೇನೆ. ಕಿವಿ ಹೋದರೂ ಅದೊಂದು ಕೇಳಿಸುತ್ತದೆ.

ನನ್ನ ದನಿ ಈಗ ಹೇಗಿದೆಯೋ ನನಗೆ ಗೊತ್ತಿಲ್ಲ. ಹೃಷಿಕೇಶ್ ಕಿವಿಗೆ ಬೆರಳಿಟ್ಟುಕೊಂಡಿದ್ದ. ಸಾಕಷ್ಟು ಜೋರಾಗಿದೆಯೇ ಎಂದು ಬರೆ. ಕೆಂಪು ಗುಂಡಿ ಒತ್ತಬೇಡ.

ಗೋಪಿ


ನೋಯ್ಡಾ
24 ಸೆಪ್ಟೆಂಬರ್ 2024

ಗೋಪಿ,

ಜೋರಾಗಿದೆ.

ಕ್ಯಾಸೆಟ್ಟು ಬಂದ ಮೇಲೆ ಅದನ್ನು ಟೇಪ್ ರೆಕಾರ್ಡರಿನಲ್ಲೇ ಇಟ್ಟೆ. ಕೆಂಪು ಗುಂಡಿಗೆ ಲಾವಣ್ಯಾಳ ಬ್ಯಾಂಡೇಜ್ ಪಟ್ಟಿ ಅಂಟಿಸಿದೆ. ಬುಧವಾರ ಇಂಚರಾ ಊಟ ಮಾಡುತ್ತಿದ್ದಳು. ಗಂಟೆ ಬಾರಿಸಲಿಲ್ಲ ಅವನು. ಅದೇ ಬೆರಳು, ಜಾಲಿಯ ಮೇಲೆ. "ಮಹಂತೇಶ್‌ಜೀ" ಎಂದು ರಾಗವಾಗಿ ಕರೆದ. ಆಮೇಲೆ ಜಾಲಿ ಬಾಗಿಲನ್ನು ಹಿಡಿದು ಅಲ್ಲಾಡಿಸಿದ. ಹಿಂದೆಂದೂ ಅಷ್ಟು ಮಾಡಿರಲಿಲ್ಲ. ಮಗು ತಟ್ಟೆ ಬಿಟ್ಟು ಬಾತ್‌ರೂಮಿಗೆ ಓಡಲಿಲ್ಲ, ನನ್ನ ಸೆರಗು ಹಿಡಿದು ನಿಂತಿತು.

ಗುಂಡಿ ಒತ್ತಿದೆ. ಕೆಮ್ಮಿದೆ ನೀನು. ಗೋಡೆಯ ಕ್ಯಾಲೆಂಡರ್ ಅಲ್ಲಾಡಿತು. "ಯಾರಕ್ಕಾ ಅದೂ, ಮಧ್ಯಾಹ್ನ ಮಲಗೋಕೂ ಬಿಡದೇ!" ಎಂದೆ. ಆಮೇಲೆ ಸುಮ್ಮನಾದೆ. ನನ್ನ ಜಾಗ. ನನಗೆ ಬಾಯಿ ಬರಲಿಲ್ಲ, ಗೋಪಿ. ಕ್ಯಾಸೆಟ್ಟು ಸುಮ್ಮನೆ ತಿರುಗುತ್ತಿದೆ, ಹೊರಗೆ ಅವನು ಕಿವಿಗೊಟ್ಟು ನಿಂತಿದ್ದಾನೆ, ಬಾಗಿಲ ಕೆಳಗೆ ಆ ಎರಡು ನೆರಳು. ಇನ್ನೊಂದು ಗಳಿಗೆ ಹಾಗೇ ಹೋಗಿದ್ದರೆ ಅವನು ಮತ್ತೆ ನಗುತ್ತಿದ್ದ.

ಆಗ ನೀನು ಅರಚಿದೆ. "ಕೇಳ್ತಾ ಇರೋದು ನಿನ್ನನ್ನೇ! ಕಿವಿ ಕೇಳಿಸಲ್ವಾ ನಿಂಗೆ?"

ನನಗೆ ಮೈಯೆಲ್ಲ ಉರಿಯಿತು. ಯಾರು ಯಾರಿಗೆ ಹೇಳುವ ಮಾತು ಅದು! "ನನಗೇನೋ ಕಿವಿ ಕೇಳಿಸದೇ ಇರೋದು? ನಿನಗೆ ಕಣೋ! ಕೊಳಲು ಕೇಳಿದ್ನಂತೆ, ಹಕ್ಕಿ ಹಾರ್ತಂತೆ, ಕೂತ್ಕೊಂಡು ಅತ್ನಂತೆ! ಸುಳ್ಳುಬುರುಕ! ಬಾರೋ ಈಚೆಗೆ, ಬಾಗಿಲಲ್ಲಿ ಯಾವನೋ ನಿಂತಿದ್ದಾನೆ, ಎದ್ದು ಬಾರೋ ದರಿದ್ರದವನೇ!" ನನ್ನ ಉಸಿರು ಮುಗಿಯಿತು. ಮುಗಿದ ಕಡೆಗೆ ಸರಿಯಾಗಿ ನೀನು, "ಬಂದೆ, ಬಂದೆ ಕಣೇ, ಪಂಚೆ ಉಟ್ಕೊಳೋಕಾದ್ರೂ ಬಿಡು!" ಅಲ್ಲಿಂದ ಮುಂದೆ ನಾನು ಏನೇನು ಅಂದೆನೋ ನೆನಪಿಲ್ಲ. ಚಿಕ್ಕಂದಿನ ಜಗಳಗಳೆಲ್ಲ ಬಂದವು. ನೀನು ಒಂದು ಕಡೆಯೂ ತಪ್ಪಲಿಲ್ಲ. ಮಾತಿರುವ ಹಾಡು ಜಗಳ ಎಂದಿದ್ದೆನಲ್ಲ, ತಾಳ ಇರುವ ಜಗಳವೂ ಉಂಟು ಎಂದು ಈಗ ಗೊತ್ತಾಯಿತು. ನೀನು ಇಷ್ಟು ವರ್ಷ ಕಳಿಸಿದ್ದರಲ್ಲಿ ನನಗೆ ಹಿಡಿಸಿದ್ದು ಇದೊಂದೇ.

ನಡುವೆ ಎಲ್ಲೋ ನೆರಳು ಹೋಗಿತ್ತು. ಮೆಟ್ಟಿಲಿಳಿದ ಸಪ್ಪಳ ನನಗೆ ಕೇಳಿಸಲೇ ಇಲ್ಲ.

ಕೊನೆಯಲ್ಲಿ ಒಂದು ಮಾತಿದೆ. ಟೇಪು ಇನ್ನೂ ನಡೆಯುತ್ತಿರುವುದು ನಿನಗೆ ಗೊತ್ತಿರಲಿಲ್ಲ ಅನ್ನಿಸುತ್ತದೆ. ಅದೇ ಗಂಟಲಿನಲ್ಲಿ ಹೃಷಿಕೇಶನನ್ನು ಕೇಳುತ್ತೀಯ: "ಇಷ್ಟು ಸಾಕಾಗುತ್ತೇನೋ ಅಕ್ಕಂಗೆ? ನನಗೆ ಭಯ ಆಗ್ತಿದೆ ಕಣೋ." ಈ ಸಲ ಶುದ್ಧ ಮಾಡಿಸದೇ ಇದ್ದದ್ದು ಒಳ್ಳೆಯದಾಯಿತು.

ಆ ಸಾಯಂಕಾಲ ಲಾವಣ್ಯಾಗೆ ನಾನೇ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಚಪ್ಪಲಿ ಕೂಡ ಬಿಚ್ಚಿರಲಿಲ್ಲ, ಹಾಗೇ ನೆಲದ ಮೇಲೆ ಕೂತುಬಿಟ್ಟಳು. "ನನ್ನ ಮಗು ಹೋಗುತ್ತೆ ಅಂತ ನೀನು ಒಬ್ಬಳೇ ಇದನ್ನ ಅನುಭವಿಸಿದ್ಯಾ ಅಮ್ಮಾ?" ಎಂದು ಅತ್ತಳು. ಮರುದಿನ ಆಫೀಸಿಗೆ ಹೋಗದೆ ದೂರು ಕೊಟ್ಟಳು. ಪಕ್ಕದ ಟವರಿನಲ್ಲೂ ಇಬ್ಬರು ವಯಸ್ಸಾದ ಹೆಂಗಸರ ಬಾಗಿಲಿಗೆ ಅವನು ಹೋಗಿದ್ದಾನೆ. ಅವರೂ ಮನೆಯವರಿಗೆ ಹೇಳಿರಲಿಲ್ಲ. ಹಾಗಾದರೆ ರಘುನಂದನ್ ಕಳಿಸಿದವನಲ್ಲ. ದೂರು ಕೊಟ್ಟದ್ದರಿಂದ ನಮಗೆ ಒಳ್ಳೆಯದೇ, ಮುಚ್ಚಿಟ್ಟಿದ್ದರೆ ಕೆಡುತ್ತಿತ್ತು ಎಂದರಂತೆ ನಮ್ಮ ವಕೀಲರು. ಕೊಳಲು ಅಳಿಸಿದ ಕ್ಯಾಸೆಟ್ಟನ್ನು ಪೊಲೀಸಿನವರು ತರಿಸಿಕೊಡಿ ಎಂದಿದ್ದಾರೆ, ಅವನ ದನಿ ಇರುವುದು ಅದರಲ್ಲಿ ಮಾತ್ರ. ಜೋಪಾನ.

ಅವನು ಸಿಕ್ಕಿಲ್ಲ. ಗಾರ್ಡು ಬದಲಾದ, ಬಾಗಿಲಿಗೆ ಇನ್ನೊಂದು ಚಿಲಕ ಬಂತು. ಕುಕ್ಕರ್ ಕೂಗಿದರೆ ನಾನು ಈಗಲೂ ಬೆಚ್ಚುತ್ತೇನೆ.

ನಿನ್ನೆ ಕೆಳಗಿನ ಮನೆಯ ಪಂಜಾಬಿ ಹೆಂಗಸು ಬಂದಿದ್ದಳು. ಆ ಜಗಳ ಅವಳ ಮನೆಯವರೆಗೂ ಕೇಳಿಸಿತಂತೆ. "ಆಪ್ ಕೇ ಭಾಯಿ ಕಬ್ ಆಯೇ?" ನಿಮ್ಮ ತಮ್ಮ ಯಾವಾಗ ಬಂದರು ಎಂದು ಕೇಳಿದಳು. ನಾನು ಬಾಯಿ ತೆಗೆಯುವ ಮೊದಲೇ ಇಂಚರಾ ಪುಸ್ತಕದಿಂದ ತಲೆಯೆತ್ತದೆ ಹೇಳಿದಳು: "ವೋ ತೋ ಪೆಹಲೇ ಸೇ ಯಹೀಂ ಹೈಂ ಆಂಟೀ. ಸೋ ರಹೇ ಹೈಂ." ಮೊದಲಿನಿಂದ ಇಲ್ಲೇ ಇದ್ದಾರೆ, ಮಲಗಿದ್ದಾರೆ.

ಅವಳ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಏಳು ವರ್ಷದ ಮಗು. ಆ ಗ್ಯಾಸಿನವನಿಗೆ ಹೆದರಿದ್ದಕ್ಕಿಂತ ಹೆಚ್ಚು ನಾನು ಆಗ ಹೆದರಿದೆ, ಗೋಪಿ.

ಹೃಷಿಕೇಶನನ್ನು ಜೊತೆಗೆ ಕರೆದುಕೊಂಡು ರೈಲು ಹತ್ತು. ನಿನಗೆ ಕೇಳಿಸದಿದ್ದರೆ ಅವನು ಕೇಳಿಸಿಕೊಳ್ಳಲಿ. ಆ ಮಗು ಹೇಳಿದ್ದು ಸುಳ್ಳಾಗಬಾರದು. ಬಂದು ಮಲಗು.

ರತ್ನಕ್ಕ